ಮುನಿಗಂಗಮ್ಮನ ಮೊಳೆ

ಶಿಡ್ಲಘಟ್ಟ
೧೧-೬-೧೯೯೬

ನಮ್ಮ ಮನೆಯವರಿಗೆ ರತ್ನಳ ನಮಸ್ಕಾರಗಳು.

ಗ್ಯಾಸ್ಟ್ರಿಕ್ ಹೇಗಿದೆ? ನಿಮ್ಮ ಅಕ್ಕನವರ ಕೈ ಖಾರ ಜಾಸ್ತಿ, ನಾಚಿಕೆಪಡದೆ ಮಜ್ಜಿಗೆ ಕೇಳಿ ಹಾಕಿಸಿಕೊಳ್ಳಿ. ಕೋಪ ಒಂದು ಬಿಟ್ಟರೆ ನಾನು ಚೆನ್ನಾಗಿದ್ದೇನೆ.

ಕೋಪ ಯಾಕೆಂದರೆ, ಬರುವ ಸೋಮವಾರ ಹಳೆಯ ಆಫೀಸಿಗೇ ಸೇರಿಬಿಡುತ್ತೇನೆಂದು ಬೆಂಗಳೂರಿನ ಬಸ್ ಹತ್ತಿಬಿಟ್ಟಿರಲ್ಲ! ಕಾರ್ಡಿಗೆ ತೂತು ಹೊಡೆದು ಕಂಪ್ಯೂಟರಿಗೆ ಉಣಿಸುತ್ತಿದ್ದ ಕಾಲದಿಂದ ಇಪ್ಪತ್ತೆರಡು ವರ್ಷ ಬೆಂಗಳೂರಿನಲ್ಲಿ ದುಡಿದವರು ನೀವು. ಐವತ್ತು ಹತ್ತಿರ ಬಂದಾಗ "ಇನ್ನು ನಮ್ಮೂರಿಗೆ ಆಗೋ ಕೆಲಸ ಮಾಡ್ತೀನಿ ಕಣೇ" ಎಂದು ಬಾಬಾಜಾನ್ ಸಾಹೇಬರ ರೇಷ್ಮೆ ನೂಲಿನ ಫಿಲೇಚರ್ ಮೇಲಿನ ಕೋಣೆಯಲ್ಲಿ ಕಂಪನಿ ಶುರುಮಾಡಿ, ಬೋರ್ಡಿಗೆ ನನ್ನ ಹೆಸರಿಟ್ಟಿರಿ. ಮುಚ್ಚುವಾಗ ನನ್ನನ್ನೊಂದು ಮಾತು ಕೇಳಬಾರದಿತ್ತೇ?

ಆವತ್ತು ಊರಿನ ಫಿಲೇಚರ್ ಯಜಮಾನರನ್ನೆಲ್ಲ ಕೂರಿಸಿ ಪ್ರೋಗ್ರಾಂ ತೋರಿಸಿದಿರಿ. ಗೂಡು ಬೇಯಿಸಿ ನೂಲು ತೆಗೆಯುವ ಹೆಂಗಸರು ತಂತಮ್ಮ ಮೊಳೆಗೆ ನೇತುಹಾಕುವ ರೇಷ್ಮೆ ಲಡಿಗಳ ತೂಕ ಒಂದು ಕಡೆ, ಯಾರೂ ತಿರುವಿ ನೋಡದ ಹಾಜರಿ ಪುಸ್ತಕ ಇನ್ನೊಂದು ಕಡೆ. ಎರಡೂ ಸೇರಿ ಕಾಗದ ಹೊರಬಂತು. ಹತ್ತು ದಿನದಿಂದ ಕೆಲಸಕ್ಕೇ ಬರದ ಮುನಿಗಂಗಮ್ಮ ಎಲ್ಲರಿಗಿಂತ ಹೆಚ್ಚು ನೂಲು ತೆಗೆದಿದ್ದಳು! "ಬರದಿರೋಳ ಕೈಲೂ ಕೆಲಸ ತೆಗೆಸ್ತದಪ್ಪ ಇವರ ಮಿಷನ್ನು" ಎಂದು ನಗುತ್ತಾ ಎದ್ದುಹೋದರು. ನೀವು ಎಂಟು ದಿನ ಸರಿಯಾಗಿ ಊಟ ಮಾಡದೆ ತಪ್ಪು ಹುಡುಕಿದಿರಿ.

ತಪ್ಪು ಇರಲೇ ಇಲ್ಲ ರೀ. ಕುದಿಯುವ ನೀರು ಬಿದ್ದು ಮುನಿಗಂಗಮ್ಮನ ಕೈ ಬೆಂದಿತ್ತು. ವಾರವಿಡೀ ಮೊಳೆ ಖಾಲಿ ಬಿದ್ದರೆ ಜಾಗ ಬೇರೆಯವಳಿಗೆ ಹೋಗುತ್ತದೆ, ಸಾಹೇಬರು ನೋಡುವುದು ಮೊಳೆಯನ್ನೇ. ಅದಕ್ಕೆ ಪಕ್ಕದವಳು ತನ್ನದೊಂದು ಲಡಿ ಅವಳ ಮೊಳೆಗೆ ಹಾಕಿದಳು. ಆಚೆಯವಳೂ ಹಾಕಿದಳು. ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಎಲ್ಲರೂ ದಿನಾ ಹಾಕಿದರು. ತೂಕ ನೋಡಿ ಕಂಪ್ಯೂಟರಿಗೆ ಹಾಕುತ್ತಿದ್ದ ನನಗೆ ಗೊತ್ತಿತ್ತು. ಹೇಳಿದರೆ ಅವಳ ಅನ್ನ ಹೋಗುತ್ತದೆಂದು ಬಾಯಿ ಮುಚ್ಚಿಕೊಂಡು, ನೀವು ಒದ್ದಾಡುವುದನ್ನು ನೋಡುತ್ತಲೇ ಕಾಫಿ ತಂದುಕೊಡುತ್ತಿದ್ದೆ. ಕ್ಷಮಿಸಿ.

ನೀವು ಹೊರಟುಹೋದ ಸುದ್ದಿ ಕೇಳಿ ಮುನಿಗಂಗಮ್ಮ ನಿನ್ನೆ ಕೈಗೆ ಬಟ್ಟೆ ಸುತ್ತಿಕೊಂಡೇ ಬಂದಳು. "ಅಯ್ಯನೋರ ಮಿಷನ್ ಸುಳ್ಳು ಹೇಳಿಲ್ಲ ಸಾಬ್ರೇ, ಸುಳ್ಳು ನಮ್ದು" ಎಂದು ತಾನೇ ಒಪ್ಪಿಕೊಂಡಳು. ಸಾಹೇಬರು ಬಾಯಿಗೆ ಬಂದಂತೆ ಕೂಗಾಡಿದರು. ಆಮೇಲೆ ಆ ಕಾಗದ ತರಿಸಿ ಬಹಳ ಹೊತ್ತು ನೋಡಿದರು. "ಇಷ್ಟು ವರ್ಷ ನಮ್ ಕಣ್ಣಿಗೆ ಬೀಳ್ದಿದ್ದು ಇದಕ್ಕೆ ಕಾಣ್ತಲ್ಲಮ್ಮಾ! ಕೈ ಸುಟ್ಕೊಂಡೋರಿಗೆ ಅಂತ ಇನ್ನೊಂದು ಕಾಲಂ ಹಾಕಕ್ಕಾಗ್ತದಾ, ನಿಮ್ ಮನೆಯೋರು ಚನ್ನಕೇಶವಪ್ಪನೋರ್ನ ಕೇಳಿ" ಎಂದರು. ಮುನಿಗಂಗಮ್ಮನ ಜಾಗ ಉಳಿಯಿತು. ಆ ಕಾಲಂ ಹಾಕುವುದು ನನಗೆ ಬರುವುದಿಲ್ಲ.

ಅಕ್ಕನವರಿಗೆ ನನ್ನ ನಮಸ್ಕಾರ ತಿಳಿಸಿ. ಮಜ್ಜಿಗೆ ಮರೆಯಬೇಡಿ.

ಇತಿ, ಬೋರ್ಡಿನ ಮೇಲಿರುವ ನಿಮ್ಮ
ರತ್ನ

ತಾ.ಕ.: ಸೋಮವಾರ ಆಫೀಸಿನಲ್ಲಿ ತೋರಿಸಬೇಕಾದ ಕೆಲಸದ ಆರ್ಡರಿಗಾಗಿ ಬ್ಯಾಗೆಲ್ಲ ಕೆದಕಬೇಡಿ. ನೀವು ಸ್ನಾನಕ್ಕೆ ಹೋದಾಗ ನಾನೇ ತೆಗೆದಿಟ್ಟುಕೊಂಡೆ. ಬೇಕೇ ಬೇಕಾದರೆ ಬಂದು ತೆಗೆದುಕೊಂಡು ಹೋಗಿ. ಇನ್ನೊಂದು ಮಾತು: ಇವತ್ತು ಬೆಳಿಗ್ಗೆ ಮೇಲೆ ಹೋಗಿ ನೋಡಿದರೆ ನಿಮ್ಮ ಕುರ್ಚಿಯ ಹಿಂದೆ ಗೋಡೆಗೆ ಯಾರೋ ಹೊಸ ಮೊಳೆ ಹೊಡೆದಿದ್ದಾರೆ. ಅದರಲ್ಲಿ ಐದು ಲಡಿ ನೇತಾಡುತ್ತಿವೆ. ಸಾಹೇಬರು ನೋಡಿಯೂ ನೋಡದ ಹಾಗೆ ಇಳಿದುಹೋದರು.