ಅವ್ವ ಅಂದ 'ಗೇಲೇ'

ಬಿಬವೇವಾಡಿ, ಪುಣೆ
4 ಜುಲೈ 1999

ತೀರ್ಥರೂಪ ಅಪ್ಪಾ,

ಮಂಜರಿಯ ನಮಸ್ಕಾರಗಳು. ನಿಮ್ಮ ಕೆಮ್ಮು ಕಡಿಮೆಯಾಯಿತೇ? ಗೋಕಾಕದಲ್ಲಿ ಅತ್ತೆ ದಿನಾ ಕಷಾಯ ಮಾಡಿಕೊಡುತ್ತಿರಬಹುದು. ನೀವು ಅದನ್ನು ಕದ್ದು ತುಳಸಿಗೆ ಸುರಿಯುತ್ತಿರಲೂಬಹುದು. ಅವ್ವನ ಮೊಣಕಾಲು ನೋವು ಹಾಗೇ ಇದೆ. ಬಾಳಕೃಷ್ಣ ಮಾಮಾನ ಜೊತೆ ಅಂಗಡಿಯ ಸಲುವಾಗಿ ಜಗಳಾಡಿ ನೀವು ಹೊರಟುಹೋಗಿ ಈ ದೀಪಾವಳಿಗೆ ಮೂರು ವರ್ಷ. ಆ ಜಗಳದ ಮಾತು ತೆಗೆಯುವುದಿಲ್ಲ, ಹೆದರಬೇಡಿ.

ಬಿ.ಎ.ಗೆ ಹೆಸರು ಹಚ್ಚಿದ್ದೇನೆ, ಇಂಗ್ಲಿಷ್ ವಿಷಯ. ಸಹಿ ಹಾಕಲು ಅವ್ವ ಬಂದಿದ್ದಳು. ಮೊನ್ನೆ ಗುರುತಿನ ಚೀಟಿ ತರಲು ಹೋದಾಗ ಕಾಲೇಜಿನ ರಿಜಿಸ್ಟರಿನಲ್ಲಿ ನಿಮ್ಮ ಹೆಸರಿನ ಮುಂದೆ ಒಂದು ಪದ ಕಂಡಿತು. 'ಡಿಸೀಜ್ಡ್' ಎಂದು ಓದಿಕೊಂಡೆ, ಅಂದರೆ ಕಾಯಿಲೆಯವರು. ಅಪ್ಪನ ಕೆಮ್ಮಿನ ಸುದ್ದಿ ಇವರಿಗೆ ಯಾರು ಮುಟ್ಟಿಸಿದರು ಎಂದು ನಗು ಬಂತು. ಆಮೇಲೆ ಅಕ್ಷರ ಕೂಡಿಸಿ ಓದಿದರೆ 'ಡಿಸೀಸ್ಡ್'. ತೀರಿಕೊಂಡವರು! ಬರೆದ ಗುಮಾಸ್ತನ ಹೆಸರು ಹರಿಶ್ಚಂದ್ರ ಅಂತೆ, ನೋಡಿ.

ಸಹಿ ಹಾಕಿದ ದಿನ ನೀನು ಅವನಿಗೆ ಏನು ಹೇಳಿದೆ ಎಂದು ಅವ್ವನನ್ನು ಕೇಳಿದೆ. "ಹುಡುಗಿ ಅಪ್ಪ ಎಲ್ಲಿ ಅಂತ ಮರಾಠಿಯೊಳಗ ಕೇಳಿದ, ಗೇಲೇ ಅಂದೆ. ಹೋಗ್ಯಾರ, ಖರೆ ಅಲ್ಲೇನು?" ಎಂದಳು. ಖರೆಯೇ. ನಾವು 'ಹೋದರು' ಅಂದಂತೆ ಮರಾಠಿಯ 'ಗೇಲೇ'ಗೂ ಎರಡರ್ಥ. ಅವ್ವ ಒಂದನ್ನು ಹೇಳಿದಳು, ಹರಿಶ್ಚಂದ್ರ ಇನ್ನೊಂದನ್ನು ಬರೆದ.

ಲೈಬ್ರರಿಯಲ್ಲಿ ದಪ್ಪ ನಿಘಂಟು ತೆಗೆದು ನೋಡಿದೆ. 'ಡಿಸೀಸ್ಡ್' ಪದದ ಲ್ಯಾಟಿನ್ ಬೇರಿನ ಅರ್ಥವೂ ದೂರ ಹೋಗುವುದು ಎಂದೇ ಇದೆ, ಅಪ್ಪಾ! ಸಾವನ್ನು ಬಾಯಿಬಿಟ್ಟು ಹೇಳಲು ಅವರಿಗೂ ನಮ್ಮಂತೆಯೇ ಅಂಜಿಕೆ. 'ಡಿಸೀಜ್ಡ್' ಬೇರೆ ಮನೆತನದ್ದು, ಹಳೆಯ ಫ್ರೆಂಚಿನದು: ನೆಮ್ಮದಿ ಇಲ್ಲದಿರುವುದು. ನಮ್ಮ ಮನೆಗೆ ಎರಡೂ ಸರಿಹೊಂದುತ್ತವೆ. ನೀವು ಹೋದವರು, ಅವ್ವ ನೆಮ್ಮದಿ ಇಲ್ಲದವಳು. ಸಾವಿನ ಸುಳ್ಳುಸುದ್ದಿ ಹಬ್ಬಿದರೆ ಆಯುಷ್ಯ ಹೆಚ್ಚುತ್ತದಂತೆ, ಆದ್ದರಿಂದ ಹರಿಶ್ಚಂದ್ರನ ಮೇಲೆ ನನಗೆ ಸಿಟ್ಟಿಲ್ಲ. ನಿಜ ಹೇಳುತ್ತೇನೆ, ಸಿಟ್ಟು ಬಂದದ್ದು ನಿಮ್ಮ ಮೇಲೆ. ಆ ದಿನ ಮನೆಗೆ ಬಂದು ನಾನು ಊಟ ಮಾಡಲಿಲ್ಲ.

ಅತ್ತೆಗೆ ನಮಸ್ಕಾರ ತಿಳಿಸಿ. ಮಳೆ ಹಿಡಿದಿದೆ, ಎದೆ ಬೆಚ್ಚಗಿಟ್ಟುಕೊಳ್ಳಿ.

ನಿಮ್ಮ ಮಗಳು,
ಮಂಜರಿ

ತಾ.ಕ.: ತಂದೆಯೇ ಬಂದು ಎದುರಿಗೆ ಸಹಿ ಮಾಡಿದರೆ ಮಾತ್ರ ತಿದ್ದುತ್ತಾರಂತೆ. ಇಪ್ಪತ್ತನೇ ತಾರೀಖಿಗೆ ಪಟ್ಟಿ ವಿದ್ಯಾಪೀಠಕ್ಕೆ ಹೋಗುತ್ತದೆ, ಆಮೇಲೆ ಆ ಪದವೇ ಕಾಯಂ. ಆ ಪದದ ಬಗ್ಗೆ ಅವ್ವನಿಗೆ ಏನೂ ಹೇಳಿಲ್ಲ. ಇವತ್ತು ಕುಂಕುಮ ಹಚ್ಚಿಕೊಳ್ಳುತ್ತ, "ಆ ಕಾಗದದಾಗ ನಿಮ್ಮಪ್ಪಗ ಏನಂತ ಬರದಾರ?" ಎಂದು ಕೇಳಿದಳು. "ಊರಿಗೆ ಹೋಗ್ಯಾರಂತ ಬರದಾರ" ಎಂದೆ. ಕನ್ನಡಿಯಿಂದ ಕಣ್ಣು ತೆಗೆಯದೆ, "ಬರ್ತಾರಂತ ಬರದಿಲ್ಲೇನು?" ಎಂದಳು.