ತೊಲೆಯಲ್ಲಿ ಉಳಿದ ಟೊಮೆಟೊ

ಮಾರ್ಚ್ ೪
ಬೆಳಿಗ್ಗೆ ಅಡುಗೆಮನೆ ತೊಲೆಗೆ ತೂಗುಹಾಕಿದ ಟೊಮೆಟೊ ಗೊಂಚಲುಗಳಿಂದ ಕೊಳೆತ ಹಣ್ಣು ಆರಿಸಿದೆ. ಹೋದ ಆಗಸ್ಟ್‌ನಲ್ಲಿ ಕೊಯ್ದವು, ಬಹುಪಾಲು ಇನ್ನೂ ಗಟ್ಟಿ. ನನ್ನ ತವರು ಸಾರ್ನೊ ಬಯಲಿನ ಉದ್ದ ಟೊಮೆಟೊ ಆಗಿದ್ದರೆ ವಾರದಲ್ಲೇ ನೀರು. ಅದಕ್ಕೆ ತಿರುಳು ಹೆಚ್ಚು, ಸಿಪ್ಪೆ ಸಲೀಸಾಗಿ ಬಿಡುತ್ತದೆ — ಸಾಸ್‌ಗೆ ಬೇರೆ ಬೇಡ. ಆದರೆ ನೀರುಣಿಸಬೇಕು. ಈ ವೆಸೂವಿಯಸ್ ಇಳಿಜಾರಿನ ಕಪ್ಪು ಮಣ್ಣಿಗೆ ಗೊಂಚಲು ಕಟ್ಟಿ ತೂಗುಹಾಕುವ ಇವರ ಪಿಯೆನ್ನೊಲೊ ಟೊಮೆಟೊ ಒಂದೇ ಸೈ. ಪುಟ್ಟ ಹಣ್ಣು, ತುದಿಯಲ್ಲಿ ಮೊನೆ, ದಪ್ಪ ಸಿಪ್ಪೆ, ಹುಳಿ.

ಟೀತಿನಾ ನಾಳೆ ನೇಪಲ್ಸ್‌ಗೆ. ಹೊಟ್ಟೆಯ ಆಪರೇಶನ್. ನನ್ನ ಗಂಡ ಸಬಾತೀನೊನ ಅಕ್ಕ, ಮದುವೆಯಾಗಲಿಲ್ಲ, ಹೊಲ ನಡೆಸಿದವಳು ಅವಳೇ. ಐವತ್ನಾಲ್ಕನೇ ವಯಸ್ಸಿಗೆ ಮದುವೆಯಾಗಿ ಈ ಮನೆ ಸೇರಿದ ನಾನು ಅವಳ ಬಾಯಲ್ಲಿ ‘ಬಯಲಿನವಳು’. ಬಿತ್ತನೆ ಬೀಜ ಕೊಟ್ಟು ಹೋಗು ಎಂದೆ. ಬಂದ ಮೇಲೆ ನೋಡೋಣವಂತೆ.

ಮಾರ್ಚ್ ೧೯
ಡಾಕ್ಟರು ಇನ್ನೂ ಬಿಡುತ್ತಿಲ್ಲ. ಆಸ್ಪತ್ರೆ ಊಟ ಸೇರುವುದಿಲ್ಲ ಅವಳಿಗೆ. ಗೊಂಚಲು ಬಿಚ್ಚಿ ಸಾಸ್ ಮಾಡಿ ಕಳಿಸುತ್ತಿದ್ದೇನೆ. ಸುತ್ತಲಿನವರ ಸಸಿ ಆಗಲೇ ಮೇಲೆದ್ದಿವೆ. ಸಬಾತೀನೊ ಕಾಯೋಣ ಎನ್ನುತ್ತಾನೆ. ನಾನು ಕಾಯಲಿಲ್ಲ. ಬಾಗಿಲ ಪಕ್ಕದ ಗೊಂಚಲಿನಿಂದ ಚೆಂದದ ಹಣ್ಣು ಹಿಚುಕಿ, ಬೀಜ ತೊಳೆದು ಒಣಗಿಸಿದೆ. ಇವತ್ತು ಬಿತ್ತಿದೆ.

ಏಪ್ರಿಲ್ ೬
ಟೀತಿನಾ ಬಂದಳು. ಅರ್ಧ ಆಗಿದ್ದಾಳೆ. ಕೋಟು ಬಿಚ್ಚದೆ ಸಸಿ ನೋಡಲು ಹೋದಳು. ಯಾವ ಗೊಂಚಲಿನದು ಎಂದು ಕೇಳಿದಳು. ತೋರಿಸಿದೆ.

“ಅದು ಫೆಲೀಚಾಂದು ಕಣೇ. ಕ್ರಿಸ್‌ಮಸ್ಸಿಗೆ ಕೊಟ್ಟಿದ್ದು.”

ಫೆಲೀಚಾ ಎಂದರೆ ಮೇಲಿನ ಹೊಲದವಳು. ಅವರದು ಸಿಹಿ ಹೆಚ್ಚು, ಸಿಪ್ಪೆ ತೆಳು, ನಮ್ಮದರಷ್ಟು ದಿನ ತಾಳುವುದಿಲ್ಲವಂತೆ. ಸಬಾತೀನೊ ನಕ್ಕುಬಿಟ್ಟ. ಹಾಗಾದರೆ ನಮ್ಮ ಬೀಜ ತೆಗಿ, ಇನ್ನೂ ಹೊತ್ತು ಮೀರಿಲ್ಲ ಎಂದ.

“ಎಲ್ಲಿಂದ ತೆಗೀಲೋ? ಈ ಸಲ ನಾನು ಬೀಜ ಎತ್ತಿಡಲಿಲ್ಲ.”

ಟೀತಿನಾ ಆಗ ಕೋಟಿನ ಗುಂಡಿ ಬಿಚ್ಚತೊಡಗಿದಳು.

“ಹೊಟ್ಟೇಲಿ ಏನೋ ಇದೆ ಅಂತ ಹೋದ ಬೇಸಿಗೇಲೇ ಗೊತ್ತಾಗಿತ್ತು. ನಿಮ್ಗೂ ಮಕ್ಕಳಿಲ್ಲ, ನಂಗೂ ಇಲ್ಲ. ಯಾರಿಗೆ ಅಂತ ಎತ್ತಿಡ್ಲಿ?”

ಸಬಾತೀನೊ ಎದ್ದು ಹೊರಗೆ ಹೋದ. ನಾನು ತೊಲೆ ನೋಡಿದೆ. ಖಾಲಿ ದಾರಗಳು... ನಮ್ಮ ಹಣ್ಣನ್ನೆಲ್ಲ ನಾನೇ ಬೇಯಿಸಿ ಅವಳಿಗೆ ಉಣ್ಣಿಸಿದ್ದೆ.

ಏಪ್ರಿಲ್ ೭
ಏಣಿ ಹತ್ತಿದೆ. ಒಲೆಯ ಹಿಂದಿನ ಮೂಲೆಯಲ್ಲಿ ಒಂದು ದಾರ, ಅದರಲ್ಲಿ ನಮ್ಮದೇ ಸುಕ್ಕಾದ ಕೆಲವು ಹಣ್ಣು. ಒಂದೆರಡರೊಳಗೆ ಬೀಜ ಆಗಲೇ ಮೊಳೆತಿತ್ತು. ಟೀತಿನಾ ಅಡುಗೆಮನೆಯಲ್ಲೇ ಹಾಕಿದ ಹಾಸಿಗೆಯಿಂದ ನೋಡುತ್ತಿದ್ದಳು. ಮೊಳಕೆ ಬಂದದ್ದನ್ನು ಬಿಸಾಡಲು ಹೋದೆ.

“ತಾಳೇ. ಬೇರು ಮುರೀದೆ ಎತ್ತು. ಬದುಕ್ತಾವೆ.”

ತೀರ ಸಣ್ಣ ದನಿ. ಆದರೂ ಬೈಯುವ ದನಿಯೇ. ಅವಳು ಹೇಳಿದಂತೆ ಕುಂಡಕ್ಕೆ ಹಾಕಿದೆ.

ಮೇ ೧೨
ನೆಟ್ಟಾಯಿತು. ಮೇಲಿನ ಸಾಲು ನಮ್ಮದು, ಕೆಳಗಿನವೆಲ್ಲ ಫೆಲೀಚಾಳದು. ಟೀತಿನಾಳನ್ನು ಕುರ್ಚಿಯಲ್ಲಿ ಹೊತ್ತು ತಂದೆವು. ತುಂಬ ಒತ್ತೊತ್ತಾಗಿ ನೆಟ್ಟೆ ಎಂದು ಗೊಣಗಿದಳು. ಎರಡು ಕಿತ್ತು ದೂರ ಇಟ್ಟೆ. ಈಗ ಜಾಸ್ತಿ ದೂರವಂತೆ.

ಜೂನ್ ೩೦
ಡಾಕ್ಟರು ಸಬಾತೀನೊನನ್ನು ಹೊರಗೆ ಕರೆದು ಮಾತಾಡಿದರು. ಮನೆಗೆ ಬಂದವನು ಹಾರೆ ತೆಗೆದುಕೊಂಡು ಹೊಲಕ್ಕೆ ಹೋದ.

ಆಗಸ್ಟ್ ೯
ಎರಡು ದಿನದಿಂದ ಟೀತಿನಾ ಏನೂ ಮುಟ್ಟಿಲ್ಲ. ಬೆಳಿಗ್ಗೆ ಬ್ರೆಡ್ಡಿನ ಮೇಲೆ ಹಣ್ಣು ಹಿಂಡಿ, ಎಣ್ಣೆ, ಉಪ್ಪು ಹಾಕಿ ತುಟಿಗೆ ಹಿಡಿದೆ. ಚೀಪಿದಳು. ಮುಖ ಕಿವುಚಿದಳು.

“ಸಕ್ಕರೆ ಇದ್ದಂಗಿದೆ. ಇದು ಫೆಲೀಚಾಂದು. ನಮ್ಮದು ತಗೊಂಡ್ ಬಾ.”

ನಮ್ಮದು ತಡವಾಗಿ ಬಿತ್ತಿದ್ದು, ಇನ್ನೂ ಹಣ್ಣಾಗಿಲ್ಲ ಎಂದೆ. ಒಂದಾದರೂ ಆಗಿರುತ್ತೆ, ಕೆಳಗಡೆ ಎಲೆ ಎತ್ತಿ ನೋಡು ಅಂದಳು. ಕಣ್ಣು ಮುಚ್ಚಿದ್ದಾಳೆ, ಬಾಯಿ ಹಾಗೇ ತೆರೆದಿದೆ, ಕಾಯುತ್ತಿದ್ದಾಳೆ.

ಚಪ್ಪಲಿ ಹಾಕಿಕೊಂಡೇ ಬರೆಯುತ್ತಿದ್ದೇನೆ. ಮೇಲಿನ ಸಾಲಿನ ಕೊನೇ ಗಿಡದಲ್ಲಿ ನಿನ್ನೆ ಒಂದು ಕೆಂಪು ಕಂಡ ಹಾಗಿತ್ತು, ಹೋಗಿ ನೋಡುತ್ತೇನೆ.