ಹುಳುಮನೆಯ ಹೊಸಿಲಾಚೆ

ಜುಲೈ 9, 2006. ಭಾನುವಾರ

ಬೆಳಿಗ್ಗೆಯೇ ರೇಷ್ಮೆ ಹುಳುಗಳಿಗೆ ಸೊಪ್ಪು ಕೊಟ್ಟಾಯಿತು. ಹುಳು ಎರಡನೇ ಜ್ವರ ಮುಗಿಸಿ ಎದ್ದಿವೆ, ಪೊರೆ ಬಿಟ್ಟ ಮೇಲೆ ಹಸಿವು ಜೋರು. ಇವರು ತೋಟಕ್ಕೆ ಹೋದರು. ಅತ್ತೆ ರಾಗಿ ಮಿಲ್ಲಿಗೆ.

ಕನಕರಾಜ್ ಇವತ್ತೂ ಹೋದ. ಸ್ನಾನ, ಇಸ್ತ್ರಿ ಶರಟು, ಎಣ್ಣೆ ಹಚ್ಚಿ ಬಾಚಿದ ತಲೆ... ನನ್ನ ಮೈದುನ ಭಾನುವಾರ ಬೆಳಿಗ್ಗೆ ಸ್ವಂತ ಕಾಲ ಮೇಲೆ ನಿಂತದ್ದನ್ನು ಈ ಊರು ನೋಡಿಯೇ ಇರಲಿಲ್ಲ. ಒಂದು ತಿಂಗಳಿಂದ ಹೀಗೇ.

ಕಾಫಿ ಕೊಡುವ ನೆಪದಲ್ಲಿ ಹತ್ತಿರ ಹೋಗಿ ಮೂಸಿದೆ. ಸಾರಾಯಿ ಇಲ್ಲ. ಬೀಡಿ ಇಲ್ಲ. ಬರೀ ಸೋಪು.

"ಎಲ್ಲಿಗೋ ಸವಾರಿ?"

"ಚಿಂತಾಮಣಿಗೆ ಅತ್ತಿಗೆ. ಸಂಜೆ ಬರ್ತೀನಿ."

"ಏನೈತೋ ಅಲ್ಲಿ?"

ನಕ್ಕ. ಹೇಳಲಿಲ್ಲ. ಕುಡುಕ ಕುಡಿಯದೆ ಇದ್ದರೆ ಮನೆಯವರು ಸಂತೋಷ ಪಡಬೇಕಂತೆ. ನನಗೆ ಭಯವಾಗುತ್ತಿದೆ. ಇದರಲ್ಲಿ ಏನೋ ಇದೆ.

ಜುಲೈ 11. ಮಂಗಳವಾರ

ಗುಟ್ಟು ರಟ್ಟಾಯಿತು. ಇವರು ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ಕೇಳಿಕೊಂಡು ಬಂದರು. ಚಿಂತಾಮಣಿಯಲ್ಲಿ ಬಯ್ಯಪ್ಪ ಅಂತ ಒಬ್ಬರು ಯೇಸು ಪ್ರಾರ್ಥನೆ ನಡೆಸುತ್ತಾರಂತೆ. ಕನಕ ಅಲ್ಲಿಗೆ ಹೋಗುವುದು.

ಅತ್ತೆ ತಲೆ ಚಚ್ಚಿಕೊಂಡರು. "ಕುಲಕ್ಕೆ ಮಸಿ ಬಳ್ದ ಕಣಪ್ಪ! ಮನೆದೇವ್ರು ಸುಮ್ನೆ ಬಿಡ್ತಾನಾ?"

ಇವರು ಮಾತ್ರ ತಣ್ಣಗೆ, "ಸಾರಾಯಿ ಅಂಗಡಿಗೆ ಹೋಗೋದಕ್ಕಿಂತ ವಾಸಿ ಅಲ್ವೇನೇ" ಅಂದರು.

ವಾಸಿಯೇ. ಆದರೆ ಪುಕ್ಕಟೆ ಯಾರು ಏನು ಕೊಡುತ್ತಾರೆ? ಊರಿನ ಸೊಸೈಟಿಯಲ್ಲಿ ಸೀಮೆಎಣ್ಣೆಗೂ ಕ್ಯೂ ನಿಲ್ಲಬೇಕು. ಇವನಿಗೆ ಹೊಸ ಜೀವನ ಸುಮ್ಮನೆ ಸಿಕ್ಕಿತಂತೆ. ಎಂಥದ್ದೋ ಗಾಳ ಇದು.

ನನಗೆ ಅನುಮಾನ ಪಡದೆ ವಿಧಿಯಿಲ್ಲ. ಯುಗಾದಿ ಮಾರನೆ ದಿನ ಇವನು ಕುಡಿದು ಬಂದು ಹೆಂಡತಿ ಆಶಾರಾಣಿಯ ಎಡಗೈ ಮುರಿದ. ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನು. ಪ್ಲಾಸ್ಟರ್ ಹಾಕಿದ ಕೈಯಲ್ಲಿ ಮಗು ಭಾನುಪ್ರಿಯಾಳನ್ನು ತಬ್ಬಿಕೊಂಡಿದ್ದಳು. ಇಬ್ಬರನ್ನೂ ಗೌರಿಬಿದನೂರಿನವರೆಗೆ ಬಿಟ್ಟು, ನಗರಗೆರೆ ಬಸ್ಸು ಹತ್ತಿಸಿ ತವರಿಗೆ ಕಳಿಸಿದವಳೂ ನಾನೇ. "ನಾನು ಬಾ ಅನ್ನೋ ತನಕ ಬರಬೇಡ ಕಣೇ" ಅಂದಿದ್ದೆ. ಅವಳು ಈಗಲೂ ಆ ಮಾತಿನ ಮೇಲೆ ಕೂತಿದ್ದಾಳೆ.

ಜುಲೈ 16. ಭಾನುವಾರ, ಸಂಜೆ

ಹೋಗಿ ಬಂದೆ. ಚಿಂತಾಮಣಿಯಲ್ಲಿರುವ ಅಕ್ಕ ಆದಿಲಕ್ಷ್ಮಮ್ಮನನ್ನು ನೋಡಿಬರುತ್ತೇನೆ ಅಂತ ಮನೆಯಲ್ಲಿ ಹೇಳಿದೆ. ಅಕ್ಕನ ಮನೆಯಲ್ಲಿ ಒಂದು ಲೋಟ ನೀರು ಕುಡಿದೆ, ಅಷ್ಟೇ.

ಶೀಟು ಹೊದಿಸಿದ ಹಾಲ್. ಚಾಪೆ. ಒಬ್ಬ ಡೋಲಕ್ ಬಡಿಯುತ್ತಿದ್ದ. ಹೆಂಗಸರು ತಲೆ ಮೇಲೆ ಸೆರಗು ಹೊದ್ದಿದ್ದರು. ನಾನೂ ಹೊದ್ದೆ, ಮುಖ ಮುಚ್ಚಲು ಅನುಕೂಲ. ಬಾಗಿಲ ಪಕ್ಕದಲ್ಲೇ ಕೂತೆ. ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟಿದ್ದರು. ನಾನು ನನ್ನದನ್ನು ಬ್ಯಾಗಿನಲ್ಲಿ ಹಾಕಿಕೊಂಡೆ. ಎದ್ದು ಓಡಬೇಕಾದರೆ ಹುಡುಕುತ್ತಾ ನಿಲ್ಲಲಾಗುತ್ತದೆಯೇ?

ಬಯ್ಯಪ್ಪನವರನ್ನು ಅಲ್ಲಿ ಅಯ್ಯಗಾರು ಅನ್ನುತ್ತಾರೆ. ಸಣಕಲು ಮನುಷ್ಯ. ಮೊದಲು ರೇಷ್ಮೆ ನೂಲು ತೆಗೆಯುವ ಕೆಲಸದಲ್ಲಿದ್ದರಂತೆ, ಬಿಸಿನೀರಿಗೆ ಬೆಂದ ಬೆರಳು ನೋಡಿದರೆ ಗೊತ್ತಾಗುತ್ತದೆ. ಅರ್ಧ ಕನ್ನಡ, ಅರ್ಧ ತೆಲುಗು.

"ಸರಿಹೋಗಿ ಆಮೇಲೆ ಬಾ ಅಂತ ದೇವ್ರು ಹೇಳ್ಲಿಲ್ಲಪ್ಪ. ಹೆಂಗಿದ್ದೀಯೋ ಹಂಗೇ ಬಾ. ಬಾಗಿಲು ತೆಗೆದೈತೆ. ನಿನ್ನ ಪಾಪದ ಮೂಟೆ ಯೇಸಪ್ಪ ಆಗ್ಲೇ ಹೊತ್ತಾಯ್ತು. ಹುಳ ಪೊರೆ ಬಿಟ್ಟು ಏಳಲ್ವಾ? ಹಂಗೆ ಹಳೇ ಮನುಷ್ಯನ್ನ ಬಿಟ್ಟು ಏಳು."

ಪೊರೆ ಬಿಟ್ಟರೂ ಹುಳು ಹುಳುವೇ. ಸೊಪ್ಪು ತಿನ್ನುವುದು ಬಿಡುತ್ತದೆಯೇ?

ಅದೂ ಅಲ್ಲದೆ, ಹೇಗಿದ್ದರೂ ಬಾ ಅನ್ನುವುದು ಹುಳು ಸಾಕುವವರಿಗೆ ಒಪ್ಪುವ ಮಾತಲ್ಲ. ನಮ್ಮ ಹುಳುಮನೆಗೆ ಬರುವವರು ಹೊಸಿಲಲ್ಲೇ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಬೇಕು, ಕೈ ತೊಳೆಯಬೇಕು, ಬೀಡಿ ಸೇದಿದವರು, ಕುಡಿದವರು ಹತ್ತಿರ ಸುಳಿಯುವಂತಿಲ್ಲ. ಹೋದ ವರ್ಷ ಕನಕ ಕುಡಿದು, ಬೀಡಿ ಹಚ್ಚಿಕೊಂಡೇ ಒಳಗೆ ನುಗ್ಗಿದ. ಇಡೀ ಬೆಳೆ ಸತ್ತಿತು. ಅವತ್ತಿನಿಂದ ಅವನು ಸೊಪ್ಪಿನ ಹೊರೆ ಹೊಸಿಲಾಚೆ ಇಳಿಸಿ ಹೋಗಬೇಕು, ಒಳಗೆ ಕಾಲಿಡುವಂತಿಲ್ಲ. ಎಲ್ಲರನ್ನೂ ಬಿಟ್ಟುಕೊಳ್ಳುವ ಮನೆ ಎಷ್ಟು ದಿನ ಉಳಿದೀತು?

ಕನಕ ಮುಂದುಗಡೆ ಕೂತು ಅಳುತ್ತಿದ್ದ. ಅಪ್ಪ ಸತ್ತಾಗ ಅಳದವನು. ನೋಡಿ ಮೈಯೆಲ್ಲ ಉರಿಯಿತು. ಆಶಾ ಕೈ ಮುರಿದ ದಿನ ಎಲ್ಲಿ ಹೋಗಿತ್ತು ಈ ಕಣ್ಣೀರು?

ಹುಂಡಿ ಬರುತ್ತದೆ ಅಂತ ಕಾದೆ. ಹೆಸರು ಬರೆಸಿಕೊಳ್ಳುತ್ತಾರೆ ಅಂತ ಕಾದೆ. ಟೀ ಬಂತು, ಕಡಲೆಕಾಳು ಉಸಲಿ ಬಂತು. ಕನಕ ಡ್ರಮ್ಮಿಗೆ ನೀರು ತುಂಬಲು ಹಿಂದೆ ಹೋದಾಗ ಅಯ್ಯಗಾರನ್ನೇ ತಡೆದು ಕೇಳಿದೆ.

"ಕನಕರಾಜ್ ಅತ್ತಿಗೆ ನಾನು. ನೀವು ಅವನಿಂದ ಏನು ತಗೊಳ್ಬೇಕು ಅಂತಿದ್ದೀರಿ?"

"ಏಮೀ ಲೇದಮ್ಮ, ಏನೂ ಬೇಡ. ದೇವ್ರಿಗೆ ಅವನೇ ಬೇಕು."

"ಅವನನ್ನಾ? ಯಾಕೆ?"

ಅವರಿಗೇ ನಗು ಬಂತು. "ನನ್ನಂಥವನೇ ಬೇಕಾದ ಮೇಲೆ ಅವನು ಯಾಕೆ ಬೇಡಮ್ಮ?"

ನಮಗೇ ಬೇಡವಾದವನು ದೇವರಿಗೆ ಬೇಕಂತೆ. ಬಸ್ಸಿನಲ್ಲಿ ಬರುವಾಗ ಅನುಮಾನ ಇನ್ನೂ ಜಾಸ್ತಿಯಾಯಿತು.

ಜುಲೈ 19. ಬುಧವಾರ

ಹುಳು ನಾಲ್ಕನೇ ಜ್ವರದಿಂದ ಎದ್ದವು. ಇನ್ನು ಒಂದು ವಾರ ರಾಕ್ಷಸರ ಹಾಗೆ ತಿನ್ನುತ್ತವೆ.

ಅಂಗಡಿಯ ಫೋನಿಗೆ ಆಶಾ ಫೋನ್ ಮಾಡಿದ್ದಳು.

"ಅಕ್ಕಾ, ಅವ್ರು ನಿನ್ನೆ ಬಂದಿದ್ರು. ಬೀದೀಲೇ ನಿಂತ್ಕೊಂಡ್ರು. ತಪ್ಪಾಯ್ತು ಅಂದ್ರು. ಬಾ ಅಂತ ಮಾತ್ರ ಕರೀಲಿಲ್ಲ. ಭಾನುನ ದೂರದಿಂದ್ಲೇ ನೋಡಿ ಹೋದ್ರು."

"ವಾಸನೆ ಇತ್ತಾ?"

"ಇರ್ಲಿಲ್ಲ ಅಕ್ಕ... ನನಗೆ ಏನು ಮಾಡ್ಬೇಕೋ ತಿಳೀತಿಲ್ಲ. ನಂಬಿದ್ರೆ ಭಯ, ನಂಬದೇ ಇದ್ರೂ ಭಯ. ನೀವು ದಿನಾ ನೋಡ್ತೀರಲ್ಲ. ನೀವು ಬಾ ಅಂದ್ರೆ ಬರ್ತೀನಿ."

ಇನ್ನೂ ನೋಡುತ್ತೇನೆ ಅಂದೆ. ನಾನು ಬಾ ಅಂದು, ಅವನು ಮತ್ತೆ ಕುಡಿದು ಕೈ ಎತ್ತಿದರೆ? ಅವಳ ಕೈಯನ್ನು ನಾನೇ ಮುರಿದ ಹಾಗೆ. ಬೇಡ ಅಂದು, ಅವನು ನಿಜಕ್ಕೂ ಬದಲಾಗಿದ್ದರೆ? ಆ ಮಗುವಿಗೆ ಅಪ್ಪನನ್ನು ತಪ್ಪಿಸಿದವಳು ನಾನೇ.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಪರೀಕ್ಷೆ ಮಾಡಿಯೇ ತೀರಬೇಕು.

ಜುಲೈ 24. ಸೋಮವಾರ

ಮಾಡಿದೆ. ಕೂಲಿಗೆ ಬರುವ ಕೋನಪ್ಪನ ಕೈಲಿ ಎರಡು ಪ್ಯಾಕೆಟ್ ಸಾರಾಯಿ ತರಿಸಿದೆ. ಮಂಡಿಗೆ ತಿಕ್ಕಲು ಅಂದೆ. ಅವನು ಹಲ್ಲು ಬಿಟ್ಟ. ಕನಕ ಸೊಪ್ಪು ಸಾಗಿಸುವ ಟೆಂಪೋ ಸೀಟಿನ ಮೇಲೆ, ಕೈಗೆ ಸಿಗುವ ಹಾಗೆ ಇಟ್ಟು ಬಂದೆ. ಬೆಳಿಗ್ಗೆಯಿಂದ ಕಿವಿ ಅತ್ತ ಕಡೆಗೇ.

ಮಧ್ಯಾಹ್ನ ನೋಡಿದರೆ ಪ್ಯಾಕೆಟ್ ಇಲ್ಲ.

ಆದರೂ ಒಂದೇ ಏಟಿಗೆ ತೀರ್ಪು ಬೇಡ ಅಂದುಕೊಂಡೆ. ಅವನು ಸೊಪ್ಪಿನ ಹೊರೆ ತಂದು ಹೊಸಿಲಾಚೆ ಇಳಿಸಿದಾಗ ನಾನೇ ಕರೆದೆ. "ಒಳಗೆ ಬಾ ಕನಕ. ಒಂದು ಕೈ ಹಾಕು."

ಒಂದು ವರ್ಷದಿಂದ ಆ ಮಾತಿಗೆ ಕಾದವನು. ಮುಖ ಅರಳಿತು, ತಕ್ಷಣ ಬಾಡಿತು. ಎರಡು ಹೆಜ್ಜೆ ಹಿಂದೆ ಸರಿದ.

"ಇವತ್ತು ಬೇಡ ಅತ್ತಿಗೆ. ಒಳಗೆ ಬರೋ ಹಂಗಿಲ್ಲ ನಾನು."

ಹತ್ತಿರ ಹೋದೆ. ಶರಟಿನಿಂದ ಗಪ್ ಅಂತ ಹೊಡೆಯಿತು. ಅದೇ ವಾಸನೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ! ಹುಳು ಸಾಯುತ್ತವೆ ಅನ್ನುವ ಭಯ ಒಂದು ಉಳಿದಿದೆಯಲ್ಲ, ಪುಣ್ಯ.

ನೇರ ಅಂಗಡಿಗೆ ಹೋಗಿ ನಗರಗೆರೆಗೆ ಫೋನ್ ಹಚ್ಚಿದೆ. "ಬರಬೇಡ ಕಣೇ ಆಶಾ. ಅದೇ ರಾಗ, ಅದೇ ಹಾಡು." "ಆಯ್ತಕ್ಕ" ಅಂದಳು.

ಜುಲೈ 25. ಮಂಗಳವಾರ

ನಾನು ಹೇಳಿದ್ದೇ ನಿಜವಾಯಿತು. ಆದರೂ ಊಟ ಸೇರುತ್ತಿಲ್ಲ.

ಜುಲೈ 27. ಗುರುವಾರ

ಬೆಳಿಗ್ಗೆ ಹುಳುಮನೆಯ ಬಾಗಿಲು ತೆಗೆದರೆ ಎಲ್ಲವೂ ಒಟ್ಟಿಗೇ ಹಣ್ಣಾಗಿವೆ, ಗೂಡು ಕಟ್ಟುವ ಹೊತ್ತು. ಮೈ ಗಾಜಿನ ಹಾಗೆ, ತಲೆ ಎತ್ತಿ ಎತ್ತಿ ಹುಡುಕುತ್ತಿವೆ. ಸಂಜೆಯೊಳಗೆ ಆರಿಸಿ ಚಂದ್ರಿಕೆಯ ತಟ್ಟಿಗೆ ಬಿಡದಿದ್ದರೆ ಸೊಪ್ಪಿನಲ್ಲೇ ನೂಲು ಸುತ್ತಿ ಹಾಳಾಗುತ್ತವೆ. ಕೂಲಿಯವರು ಒಬ್ಬರೂ ಇಲ್ಲ, ಊರಿನಲ್ಲಿ ಎಲ್ಲರ ಹುಳುವೂ ಇವತ್ತೇ ಹಣ್ಣು. ನಾನು, ಇವರು, ಅತ್ತೆ. ಮೂರು ಜನ ಎಲ್ಲಿಗೆ ಸಾಲಬೇಕು?

"ಕನಕನ್ನ ಕರೀಬಾರ್ದಾ?" ಅಂದರು ಅತ್ತೆ.

"ಕುಡಿದು ಬರೋನನ್ನ ಕರೆದು ಇದನ್ನೂ ಸಾಯಿಸ್ಲಾ? ಸೋಮವಾರ ನಾನೇ ಮೂಸಿದೀನಿ ಅತ್ತೆ."

ಅತ್ತೆ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. "ಸೋಮವಾರ ಅವ್ನು ಕುಡೀಲಿಲ್ಲ ಕಣಮ್ಮ. ನಾನು ಹಿತ್ಲಲ್ಲಿದ್ದೆ, ಕಣ್ಣಾರೆ ನೋಡ್ದೆ. ಯಾವ ಪಾಪಿನೋ ಟೆಂಪೋದಾಗೆ ಪ್ಯಾಕೆಟ್ ಇಟ್ಟಿದ್ದ. ಇವ್ನು ಹಲ್ಲಲ್ಲಿ ಕಚ್ಚಿದ. ಕಚ್ಕೊಂಡೇ ನಿಂತಿದ್ದ... ಆಮೇಲೆ ಬಾಯಿಂದ ತೆಗೆದು ಕೈಯಲ್ಲೇ ಹರಿದು ಚರಂಡಿಗೆ ಚೆಲ್ದ. ಹರಿದ ರಭಸಕ್ಕೆ ಅರ್ಧ ಮೈಮೇಲೇ ಬಿತ್ತು. ಕೂತ್ಕಂಡು ಅತ್ತ."

ಆ ಪಾಪಿ ನಾನೇ.

ಮಗನ ಪರ ಸುಳ್ಳು ಹೇಳದ ತಾಯಿ ಉಂಟೆ? ಹೋಗಿ ಚರಂಡಿ ನೋಡಿದೆ. ಎರಡೂ ಪ್ಯಾಕೆಟ್ ಇದ್ದವು. ಅಡ್ಡಕ್ಕೆ, ಉದ್ದಕ್ಕೆ ಹರಿದಿದ್ದವು. ಕುಡಿಯುವವನು ಮೂಲೆಯಲ್ಲಿ ಸ್ವಲ್ಪವೇ ಕಚ್ಚಿ ತೆಗೆಯುತ್ತಾನೆ, ಹೀಗೆ ಹರಿದು ಚೂರು ಮಾಡುವುದಿಲ್ಲ.

ವಾಪಸ್ಸು ಬಂದಾಗ ಕನಕ ಹೊಸಿಲಾಚೆ ನಿಂತಿದ್ದ. ತಲೆಗೆ ನೀರು ಸುರಿದುಕೊಂಡು, ಒಗೆದ ಲುಂಗಿ ಉಟ್ಟು ಬಂದಿದ್ದ. "ಹುಳ ಹಣ್ಣಾಗವ್ಯಂತೆ. ಒಳಗೆ ಬರ್ಲಾ ಅತ್ತಿಗೆ?"

ಅಭ್ಯಾಸ ಬಿಡಲಿಲ್ಲ, ಹತ್ತಿರ ಹೋಗಿ ಮೂಸಿದೆ. ಅವನೂ ಮಿಸುಕದೆ ನಿಂತ. ಬ್ಲೀಚಿಂಗ್ ನೀರಿನ ತಟ್ಟೆಯನ್ನು ನಾನೇ ಅವನ ಕಾಲಿನ ಮುಂದೆ ತಳ್ಳಿದೆ.

"ಬಾ" ಅಂದೆ.

ಸಂಜೆಯವರೆಗೂ ನಾಲ್ವರೂ ಆರಿಸಿದೆವು. ಅತ್ತೆ, ಇವರು ಚಂದ್ರಿಕೆ ಎತ್ತಿಕೊಂಡು ಆಚೆ ಹೋದಾಗ, ಅವನ ಮುಖ ನೋಡದೆ ಹೇಳಿಬಿಟ್ಟೆ.

"ಪ್ಯಾಕೆಟ್ ಇಟ್ಟಿದ್ದು ನಾನು ಕಣೋ."

"ಗೊತ್ತು. ಮಂಡಿ ನೋವು ಹೆಂಗೈತೆ ಅಂತ ಕೋನಪ್ಪ ಕೇಳ್ದ."

"ಮತ್ತೆ ಅವತ್ತೇ ಯಾಕೋ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ನಂಬ್ತಿದ್ರಾ?"

ನಂಬುತ್ತಿರಲಿಲ್ಲ. "ಇನ್ನು ಮುಂದೆ ಕುಡಿಯಲ್ಲ ಅಂತ ಭಾಷೆ ಕೊಡು" ಅಂದೆ.

"ಭಾಷೆ ಎಷ್ಟು ಸಲ ಕೊಟ್ಟು ತಪ್ಪಿದೀನಿ ಅತ್ತಿಗೆ. ನನ್ನ ಕೈಲಿ ಆಗಲ್ಲ ಅಂತ ಒಪ್ಕೊಂಡೇ ಯೇಸಪ್ಪನ ಕಾಲು ಹಿಡಿದಿದ್ದು. ಹಲ್ಲಲ್ಲಿ ಕಚ್ಚಿದಾಗ ಅವರನ್ನೇ ಕರೆದೆ. ನೀವು ಅನುಮಾನ ಬಿಡಬೇಡಿ. ಆಶಾಗೆ ನಿಮ್ಮ ಬಿಟ್ರೆ ಯಾರವ್ರೆ?"

ಕೈಯಲ್ಲಿದ್ದ ಹುಳು ಕಣ್ಣಿಗೆ ಮಂಜಾಯಿತು. ಸೊಪ್ಪು ತಿನ್ನುವುದು ಬಿಡುತ್ತದೆಯೇ ಅಂತ ಬರೆದಿದ್ದೆ. ಇವತ್ತು ಮುಂದೆ ಹಾಕಿದರೂ ಒಂದು ಹುಳುವೂ ಮುಟ್ಟಲಿಲ್ಲ.

ಜುಲೈ 28. ಶುಕ್ರವಾರ

ಆಶಾಗೆ ಫೋನ್ ಮಾಡಿದೆ. ಪ್ಯಾಕೆಟ್ ಇಟ್ಟದ್ದು, ಚರಂಡಿ, ಎಲ್ಲ ಹೇಳಿದೆ. ಅವನು ಒಳ್ಳೆಯವನಾದ ಅಂತ ಹೇಳಲಿಲ್ಲ. ನನಗೆ ಗೊತ್ತಿಲ್ಲ. "ಬಂದು ನೋಡು ಕಣೇ. ನೀನು, ಭಾನು ನನ್ನ ರೂಮಲ್ಲಿ ಮಲಗಿ. ಒಂದು ಸಲ ವಾಸನೆ ಬಂದ್ರೂ ನಾನೇ ಬಸ್ಸು ಹತ್ತಿಸ್ತೀನಿ" ಅಂದೆ. ಅತ್ತಳು. ಹಬ್ಬ ಮುಗಿಸಿ ಬರುತ್ತಾಳೆ.

ಆಗಸ್ಟ್ 5. ಶನಿವಾರ

ನಿನ್ನೆ ವರಮಹಾಲಕ್ಷ್ಮಿ ಪೂಜೆ. ಕನಕ ಒಬ್ಬಟ್ಟು ತಿಂದ, ಕುಂಕುಮ ಬೇಡ ಅಂದ. ಅತ್ತೆ ಮೂಲೆಯಲ್ಲಿ ಕೂತು ಕಣ್ಣೊರೆಸಿಕೊಂಡರು. ನನಗೂ ಕೋಪ ಬಂತು. ಮೂಗು ಮಾತ್ರ ಸುಮ್ಮನಿತ್ತು.

ಇವತ್ತು ಆಶಾಳನ್ನು ಕರೆತರಲು ಚಿಕ್ಕಬಳ್ಳಾಪುರ ಬಸ್‌ಸ್ಟ್ಯಾಂಡಿಗೆ ಟೆಂಪೋ ತೆಗೆದುಕೊಂಡು ಹೋದ. ಊಟದ ಹೊತ್ತಿಗೆ ಬರಬೇಕಾದವರು ಬಿಸಿಲು ಇಳಿದರೂ ಬರಲಿಲ್ಲ. ನಿಂತಲ್ಲಿ ನಿಲ್ಲಲಾಗಲಿಲ್ಲ ನನಗೆ. ಬಸ್‌ಸ್ಟ್ಯಾಂಡಿನ ಎದುರಿಗೇ ಬಾರ್ ಇದೆ...

ಬಂದರು. ಟೈರ್ ಪಂಕ್ಚರ್ ಅಂತೆ. ಹೋಗಿ ಸ್ಟೆಪ್ನಿ ನೋಡಿದೆ. ನಿಜವಾಗಿಯೂ ಪಂಕ್ಚರ್.

ಅವನು ಬ್ಯಾಗು ಇಳಿಸಿಕೊಳ್ಳಲು ಕೈ ಚಾಚಿದ. ಆಶಾ ಥಟ್ಟನೆ ಎಡಗೈ ಎದೆಗೆ ಅವುಚಿಕೊಂಡಳು. ಅವನು ನೋಡಿದ. ಕೈ ಹಿಂದಕ್ಕೆ ತೆಗೆದುಕೊಂಡು, ಅವಳೇ ಬ್ಯಾಗು ಇಳಿಸುವವರೆಗೆ ದೂರ ನಿಂತ. ಅಯ್ಯೋ ಅನ್ನಿಸಿತು, ಇಬ್ಬರಿಗಾಗಿಯೂ.

ಭಾನು ಮಾತ್ರ ನೇರ ಅವನ ಹತ್ತಿರ ಹೋದಳು. "ಅಪ್ಪ, ಬಾಯಿ ಆ ಅನ್ನು."

ಮಂಡಿಯೂರಿ ಕೂತು ಬಾಯಿ ತೆಗೆದ. ಮಗು ಮೂಸಿತು. ಇದನ್ನು ಅದಕ್ಕೆ ಯಾರು ಕಲಿಸಿದರು ಅಂತ ಯಾರೂ ಕೇಳಲಿಲ್ಲ.

"ಪೆಪ್ಪರ್‌ಮೆಂಟು!" ಅಂದಿತು.

ವಾಸನೆ ಮುಚ್ಚಲು ಪೆಪ್ಪರ್‌ಮೆಂಟಾ? ಅವನು ಜೇಬಿನಿಂದ ಪೊಟ್ಟಣ ತೆಗೆದು ಮಗುವಿಗೆ ಕೊಟ್ಟ, ಆಶಾಗೆ ದೂರದಿಂದಲೇ ನೀಡಿದ. ಅವಳು ತೆಗೆದುಕೊಂಡಳು. ನನಗೂ ಒಂದು ಕೊಟ್ಟ. ನಾನು ಅವನ ಹತ್ತಿರವೇ ನಿಂತು ತಿಂದೆ, ಉಸಿರು ಎಳೆದು ಎಳೆದು ನೋಡಿದೆ. ಬರೀ ಪೆಪ್ಪರ್‌ಮೆಂಟು.

ನಾಳೆ ಭಾನುವಾರ. ಒಂದು ಸಲ ನೋಡಿಬರುತ್ತೇನೆ ಅಂತ ಆಶಾಳೂ ಚಿಂತಾಮಣಿಗೆ ಹೊರಟಿದ್ದಾಳೆ. "ಒಬ್ಳೇ ಭಯ, ನೀವೂ ಬನ್ನಿ ಅಕ್ಕ" ಅಂತಾಳೆ. ಅವಳಿಗಾಗಿ ಹೋಗುತ್ತೇನೆ, ಅಷ್ಟೇ. ಬಾಗಿಲ ಪಕ್ಕದಲ್ಲೇ ಕೂರುತ್ತೇನೆ ಅಂತ ಈಗಲೇ ಹೇಳಿದ್ದೇನೆ. ದೇವರೋ ಗಾಳವೋ, ಇನ್ನೂ ಗೊತ್ತಾಗಿಲ್ಲ ನನಗೆ. ಚಪ್ಪಲಿ ಮಾತ್ರ ಈ ಸಲ ಹೊರಗೇ ಬಿಡುತ್ತೇನೆ.